ಕಾಲು ಹೋಗುವುದು ಆಪರೇಷನ್ ಥಿಯೇಟರ್‌ನಲ್ಲಲ್ಲ, ಅದಕ್ಕೂ ಮೊದಲು

ಐಸಿಎಂಆರ್ ಬೆಂಬಲದ ಮಧುಮೇಹ ಸಮೀಕ್ಷೆ 2023ರಲ್ಲಿ ಹೊರಬಂದಾಗ ದೇಶದಲ್ಲಿ 10 ಕೋಟಿಗೂ ಹೆಚ್ಚು ಸಕ್ಕರೆ ಕಾಯಿಲೆಯವರಿದ್ದಾರೆ ಎಂಬುದು ಸುದ್ದಿಯಾಯಿತು. ಕೇರಳದ ಲೆಕ್ಕ ಇನ್ನೂ ಗಾಬರಿ ಹುಟ್ಟಿಸುವಂಥದ್ದು: ವಯಸ್ಕರಲ್ಲಿ ಶೇ. 25.5, ಅಂದರೆ ನಾಲ್ವರಲ್ಲಿ ಒಬ್ಬರು. ಸಕ್ಕರೆ ಅಂದರೆ ಕಣ್ಣು, ಕಿಡ್ನಿ, ಹಾರ್ಟ್ ಅಂತ ಎಲ್ಲರೂ ಹೇಳುತ್ತಾರೆ. ಕಾಲಿನ ಮಾತು ಬರುವುದು ಬೆರಳು ಕಪ್ಪಾದ ಮೇಲೆ.

ಮಧುಮೇಹಿಗಳ ಕಾಲು ಕತ್ತರಿಸಬೇಕಾಗಿ ಬಂದ ಪ್ರಕರಣಗಳಲ್ಲಿ ಶೇ. 80ಕ್ಕೂ ಹೆಚ್ಚು ಶುರುವಾಗುವುದು ಪಾದದ ಒಂದು ಸಣ್ಣ ಹುಣ್ಣಿನಿಂದ. ಹೊಸ ಚಪ್ಪಲಿ ಕಚ್ಚಿದ್ದು, ತೋಟದಲ್ಲಿ ಮುಳ್ಳು ಚುಚ್ಚಿದ್ದು, 'ಕಾಲು ಜೋಮು ಹಿಡಿದಿದೆ' ಅಂತ ಬಿಸಿನೀರಿನಲ್ಲಿ ಇಟ್ಟು ಸುಟ್ಟುಕೊಂಡದ್ದು. ನರ ಸತ್ತ ಪಾದಕ್ಕೆ ನೋವೇ ಗೊತ್ತಾಗುವುದಿಲ್ಲ. ನೋವಿಲ್ಲದ ಗಾಯಕ್ಕೆ ಯಾರು ತಾನೇ ಬಸ್ ಹತ್ತಿ ಡಾಕ್ಟರ್ ಹತ್ತಿರ ಹೋಗುತ್ತಾರೆ? ಅರಿಶಿನ ಹಚ್ಚಿ, ಬಟ್ಟೆ ಕಟ್ಟಿ, ಎರಡು ವಾರ ಕಳೆಯುವಷ್ಟರಲ್ಲಿ ಕೀವು ಮೂಳೆ ಮುಟ್ಟಿರುತ್ತದೆ.

ಇಂಥ ಕಾಲನ್ನೂ ಹಲವು ಸಲ ಉಳಿಸಬಹುದು. ಕೊಳೆತ ಭಾಗವನ್ನು ಕೆರೆದು ತೆಗೆಯಬೇಕು, ಕೀವಿಗೆ ದಾರಿ ಮಾಡಬೇಕು, ಯಾವ ರೋಗಾಣು ಎಂದು ಪರೀಕ್ಷಿಸಿ ಅದಕ್ಕೆ ತಕ್ಕ ಆಂಟಿಬಯೋಟಿಕ್ ಕೊಡಬೇಕು. ಹುಣ್ಣಿನ ಮೇಲೆ ದೇಹದ ಭಾರ ಬೀಳದಂತೆ ವಿಶೇಷ ಪ್ಲಾಸ್ಟರ್ ಅಥವಾ ಪಾದರಕ್ಷೆ ಬೇಕು. ನಡೆದುಕೊಂಡೇ ಓಡಾಡುವವರ ಹುಣ್ಣು ಎಷ್ಟು ಡ್ರೆಸ್ಸಿಂಗ್ ಮಾಡಿದರೂ ಮಾಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಎಲ್ಲಕ್ಕಿಂತ ಹೆಚ್ಚು ತಪ್ಪಿಹೋಗುವುದು, ರಕ್ತದ ಹರಿವು. ಪಾದದ ನಾಡಿ ನೋಡದೆ, ಡಾಪ್ಲರ್ ಮಾಡಿಸದೆ ಬೆರಳು ತೆಗೆದರೆ ಆ ಗಾಯವೂ ಮಾಯುವುದಿಲ್ಲ. ಆಮೇಲೆ ಅರ್ಧ ಪಾದ, ಆಮೇಲೆ ಮೊಣಕಾಲಿನ ಕೆಳಗೆ, ಕೊನೆಗೆ ಮೇಲೆ. ಮುಚ್ಚಿದ ರಕ್ತನಾಳವನ್ನು ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್ ಮೂಲಕ ತೆರೆದ ನಂತರ ಕೊಳೆತ ಬೆರಳು ಮಾತ್ರ ತೆಗೆದರೆ ಕಾಲು ಉಳಿಯುವ ಸಾಧ್ಯತೆ ಹೆಚ್ಚು. ಸೋಂಕು ಮೈಗೇರಿದಾಗ ಜೀವ ಉಳಿಸಲು ಕಾಲು ತೆಗೆಯಲೇಬೇಕಾಗುತ್ತದೆ, ನಿಜ. ಆದರೆ ದೊಡ್ಡ ಅಂಗಚ್ಛೇದನ ಆದ ಮಧುಮೇಹಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಐದು ವರ್ಷ ಬದುಕುವುದಿಲ್ಲ.

ಇಲ್ಲಿಯೇ ಕಾಸರಗೋಡಿನ ಸಮಸ್ಯೆ. ಮಂಜೇಶ್ವರ, ಕುಂಬಳೆ, ಉಪ್ಪಳದವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ ಶಂಕುಸ್ಥಾಪನೆ ಆದದ್ದು 2013ರಲ್ಲಿ. ಬಾಗಿಲು ತೆರೆದದ್ದು 2020ರ ಏಪ್ರಿಲ್‌ನಲ್ಲಿ, ಅದೂ ಕೋವಿಡ್ ಆಸ್ಪತ್ರೆಯಾಗಿ. ಅದೇ ಹೊತ್ತಿಗೆ ತಲಪಾಡಿಯಲ್ಲಿ ರಸ್ತೆ ಬಂದ್ ಆಗಿ ರೋಗಿಗಳು ಗಡಿಯಲ್ಲೇ ಉಳಿದದ್ದನ್ನು ಜನ ಮರೆತಿಲ್ಲ. ಈಗ ರಸ್ತೆ ತೆರೆದಿದೆ. ಆದರೆ ಕೇರಳದ ವಿಮಾ ಕಾರ್ಡ್ ಮಂಗಳೂರಿನ ಪ್ರತಿಯೊಂದು ಆಸ್ಪತ್ರೆಯಲ್ಲೂ ನಡೆಯುವುದಿಲ್ಲ. ಆಂಜಿಯೋಪ್ಲಾಸ್ಟಿಗೆ ಹಣ ಹೊಂದಿಸಲು ಗಲ್ಫ್‌ನಲ್ಲಿರುವ ಮಗನಿಗೆ ಫೋನ್ ಹೋಗುತ್ತದೆ. ಅವನಿಂದ ಹಣ ಬರುವವರೆಗೆ ಬೆರಳು ಕಾಯುವುದಿಲ್ಲ.

ತಡೆಯುವ ಕೆಲಸಕ್ಕೆ ಇಷ್ಟು ಹಣ ಬೇಡ. 10 ಗ್ರಾಂ ಒತ್ತಡದ ನೈಲಾನ್ ಎಳೆಯೊಂದನ್ನು ಪಾದಕ್ಕೆ ತಾಗಿಸಿದರೆ ಸ್ಪರ್ಶಜ್ಞಾನ ಇದೆಯೋ ಇಲ್ಲವೋ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಮನೆಯಲ್ಲಿ ವುಝೂ ಮಾಡುವಾಗ ಬೆರಳ ಸಂದು ನೋಡಿ ಒರೆಸಿಕೊಂಡರೂ ಅರ್ಧ ಕೆಲಸ ಆಯಿತು. ಆರೋಗ್ಯ ಕೇಂದ್ರಗಳಲ್ಲಿ ಜೀವನಶೈಲಿ ರೋಗಗಳ ಕ್ಲಿನಿಕ್ ಇದ್ದೇ ಇದೆ. ಮಾತ್ರೆ ಕೊಡುವ ದಿನವೇ ಪ್ರತಿಯೊಬ್ಬರ ಚಪ್ಪಲಿ ಬಿಚ್ಚಿಸಿ ಪಾದ ನೋಡಲು ಒಬ್ಬ ನರ್ಸ್ ಸಾಕು.