ಪುನರ್ಪುಳಿ ಪುಕ್ಕಟೆ ಅಲ್ಲ

ಅಕ್ಕಂದಿರೇ, ಅತ್ತಿಗೆಯಕ್ಕಳೇ, ಇಂದು ರಜ್ಜ ಖಾರದ ಮಾತು ಬರೆತ್ತಾ ಇದ್ದೆ. ಬೇಜಾರ ಆದರೂ ತೊಂದರೆ ಇಲ್ಲೆ, ಪೂರ ಓದಿಕ್ಕಿ ಬೇಜಾರ ಮಾಡಿ.

ಜೂನ್-ಜುಲೈ ಬಂತು ಹೇಳಿ ಆದರೆ ಹಂಪನಕಟ್ಟೆಲಿ, ಕಂಕನಾಡಿಲಿ ರಸ್ತೆ ಕರೆಲಿ ಕೆಂಪು ರೋಮದ ರಂಬುಟಾನು, ನೇರಳೆ ಬಣ್ಣದ ಮ್ಯಾಂಗೋಸ್ಟೀನು ರಾಶಿ ಹಾಕಿರ್ತವು. ನಾವು ಎಂತ ಮಾಡ್ತು? ಕ್ರಯ ಕೇಳ್ತು, "ಅಬ್ಬಾ!" ಹೇಳ್ತು, ಮತ್ತೆ ತೆಕ್ಕೊಳ್ತು. ತೆಕ್ಕೊಳ್ಳಿ, ಮಕ್ಕೊಗೂ ಕೊಡಿ. "ಹೆರಾಣ ಹಣ್ಣು ಎಂತಕೆ?" ಹೇಳಿ ಬೈವವರ ಪೈಕಿ ಆನಲ್ಲ. ಪೇರಳೆ, ಬಪ್ಪಂಗಾಯಿ, ಅನನಾಸು, ಗುಡ್ಡೆಯ ಗೇರುಬೀಜ ಎಲ್ಲವೂ ಹೆರಂದ ಬಂದದೇ. ರಂಬುಟಾನು ಆದರೂ ನಮ್ಮ ಅಂಟುವಾಳದ ಕುಟುಂಬದ್ದೇ.

ಎನ್ನ ತಕರಾರು ಬೇರೆ. ಮ್ಯಾಂಗೋಸ್ಟೀನಿನ ತಂಗೆ ನಮ್ಮ ಪುನರ್ಪುಳಿ. ಎರಡೂ ಗಾರ್ಸೀನಿಯಾ ಹೇಳ್ತ ಒಂದೇ ಕುಲದ್ದು. ಅಕ್ಕ ಮಲೇಷ್ಯಾದ ಹೊಡೆಂದ ಬಂದದು, ತಂಗೆ ನಮ್ಮ ಪಶ್ಚಿಮ ಘಟ್ಟದ್ದೇ. ಅಕ್ಕಂಗೆ ನಾವು ಕೇಳಿದಷ್ಟು ಪೈಸೆ ಕೊಡ್ತು. ತಂಗೆಯ ಕೇಳುದು ಹೇಂಗೆ? "ನಿಂಗಳಲ್ಲಿ ಪುನರ್ಪುಳಿ ಶರಬತ್ತು ಮಾಡಿದ್ದಿ ಅಲ್ಲದಾ? ಎರಡು ಕುಪ್ಪಿ ಮಡುಗಿಕ್ಕಿ, ಮಾಣಿ ಬೆಂಗ್ಳೂರಿಂಗೆ ಹೋವುತ್ತಾ ಇದ್ದ" ಹೇಳಿ. ಕ್ರಯದ ಸುದ್ದಿಯೇ ಇಲ್ಲೆ!

ಆ ಕುಪ್ಪಿಯ ಒಳ ಎಂತ ಇದ್ದು ಹೇಳಿ ಲೆಕ್ಕ ಹಾಕುವೊ. ಏಪ್ರಿಲ್-ಮೇ ತಿಂಗಳ ಬೆಶಿಲಿಂಗೆ ಮರದಡಿಲಿ ಬಗ್ಗಿ ಹಣ್ಣು ಹೆರ್ಕೆಕ್ಕು. ತೊಳದು, ಉದ್ದಿ, ಎರಡು ಭಾಗ ಮಾಡಿ ಬಿತ್ತು ತೆಗೆಯೆಕ್ಕು, ಬೆರಳೆಲ್ಲ ಕೆಂಪು. 1 ಕಿಲ ಓಡಿಂಗೆ 2 ಕಿಲ ಸಕ್ಕರೆ ಹಾಕಿ ಭರಣಿಲಿ ಪದರ ಪದರ ತುಂಬುಸೆಕ್ಕು. ದಿನಾಗ್ಳೂ ಬೆಶಿಲಿಂಗೆ ಮಡುಗೆಕ್ಕು, ಹೊತ್ತೋಪಗ ಒಳ ತರೆಕ್ಕು. ಸಾರಿಂಗೆ ಬೇಕಾದ ಓಡಿನ ಬೇರೆ ಒಣಗುಸೆಕ್ಕು. ನಡುಕೆ ಒಂದು ಮಳೆ ಬಂತೋ, ಎಲ್ಲ ಹಾಳು. ಸಕ್ಕರೆಗೆ ಅಂಗಡಿಯವ ಬಿಲ್ಲು ಕೊಡ್ತ. ಎನ್ನ ಸೊಂಟಬೇನೆಗೆ ಆರೂ ಬಿಲ್ಲು ಬರೆತ್ತವಿಲ್ಲೆ.

"ಮನೆಲೇ ಇರ್ತಿ ಅಲ್ಲದಾ, ಹೊತ್ತು ಹೋವುತ್ತು" ಹೇಳ್ತವು ಕೆಲವು ಜೆನ. ಹೊತ್ತು ಹೋಪಲೆ ಟೀವಿ ಇದ್ದು ಅಕ್ಕಾ. ಇದು ಕೆಲಸ.

ಕ್ರಯ ಇಲ್ಲದ್ದ ಹಣ್ಣಿನ ಮರಕ್ಕೂ ಮರ್ಯಾದೆ ಇಲ್ಲೆ. ಮಂಗ್ಳೂರಿಲಿ ಹಳೇ ಮನೆ ಜಾಗೆಯ ಬಿಲ್ಡರಿಂಗೆ ಕೊಡುವಗ ಬೀಂಬುಳಿ, ಧಾರೆಹುಳಿ, ಪುನರ್ಪುಳಿ ಮರಂಗಳ ಕಡಿವಲೆ ಆರೂ ಎರಡು ಸರ್ತಿ ಆಲೋಚನೆ ಮಾಡ್ತವಿಲ್ಲೆ. "ಅದರಿಂದ ಎಂತ ಉತ್ಪತ್ತಿ ಇದ್ದು?" ಹೇಳಿ ಗೆಂಡುಮಕ್ಕೊ ಕೇಳ್ತವು. ಉತ್ಪತ್ತಿ ಇಲ್ಲದ್ದ ಹಾಂಗೆ ಮಾಡಿದ್ದು ಆರು? ಪುಕ್ಕಟೆ ಕೇಳ್ತ ಬಾಯಿಗೊ.

ಹಲಸಿನ ನೋಡಿ. ಮದಲು ಮರದಡಿಲಿ ಕೊಳದು ನೊಣ ಹಾರಿಗೊಂಡಿತ್ತಿದ್ದು. ಶ್ರೀ ಪಡ್ರೆಯವು ಅಡಿಕೆ ಪತ್ರಿಕೆಲಿ ವರ್ಷಗಟ್ಲೆ ಅದರ ಬಗ್ಗೆ ಬರದವು. ಹಪ್ಪಳ, ಚಿಪ್ಸು, ಉಪ್ಪುಸೊಳೆ ಅಂಗಡಿಗೆ ಬಂತು, ಊರೂರಿಲಿ ಹಲಸಿನ ಹಬ್ಬ ಸುರುವಾತು. 2018ರಲ್ಲಿ ಕೇರಳ ಸರಕಾರ ಅದರ ರಾಜ್ಯದ ಹಣ್ಣು ಹೇಳಿ ಘೋಷಣೆ ಮಾಡಿತ್ತು. ಸಿಂಧುದುರ್ಗ-ರತ್ನಾಗಿರಿಯವು ಅವರ ಕೋಕಮಿಂಗೆ ಜಿಐ ಟ್ಯಾಗು ಮಾಡುಸಿಗೊಂಡವು. ಕೋಕಂ ಹೇಳಿರೆ ಇದೇ ಪುನರ್ಪುಳಿ! ಅಲ್ಲಿ ಬ್ರ್ಯಾಂಡು, ಇಲ್ಲಿ ಪುಕ್ಕಟೆ.

"ನೆಂಟರ ಹತ್ರೆ ಪೈಸೆ ತೆಕ್ಕೊಂಬದಾ? ನಾಚಿಕೆ!" ಹೇಳುವವಕ್ಕೆ ಎನ್ನ ಉತ್ತರ ಇಷ್ಟೇ. ಮನಗೆ ಬಂದವಕ್ಕೆ ಒಂದು ಗ್ಲಾಸು ಶರಬತ್ತು, ಪಿತ್ತ ಆದವಕ್ಕೆ ಒಂದು ಮುಷ್ಟಿ ಓಡು, ಅದು ಪ್ರೀತಿ. ಅದಕ್ಕೆ ಪೈಸೆ ಕೇಳಿರೆ ನಾಚಿಕೆ. ಕುಪ್ಪಿ ಕುಪ್ಪಿ ಕಟ್ಟಿಗೊಂಡು ಹೋಪದು ಪ್ರೀತಿ ಅಲ್ಲ, ವ್ಯಾಪಾರ. ಮ್ಯಾಂಗೋಸ್ಟೀನು ಮಾರುವವನ ಹತ್ರೆ "ನಮ್ಮವನೇ ಅಲ್ಲದಾ" ಹೇಳಿ ಎರಡು ಕಿಲ ಪುಕ್ಕಟೆ ಕೇಳ್ತಿರಾ?

ಹಾಂಗಾಗಿ ಮರ ಇಪ್ಪವು ಬಾಯಿಬಿಟ್ಟು ಕ್ರಯ ಹೇಳಿ. ತೆಕ್ಕೊಂಬವು ಚೀಲದೊಟ್ಟಿಂಗೆ ಪೈಸೆಯೂ ತನ್ನಿ. ಜಾಗೆ ಇಪ್ಪವು ಒಂದು ಸೆಸಿ ನೆಡಿ, ಆದರೆ ಕಸಿ ಕಟ್ಟಿದ್ದೇ ಆಯೆಕ್ಕು. ಪುನರ್ಪುಳಿಲಿ ಗೆಂಡು ಮರ, ಹೆಣ್ಣು ಮರ ಹೆಚ್ಚಾಗಿ ಬೇರೆ ಬೇರೆ. ಬಿತ್ತಿನ ಸೆಸಿ ಗೆಂಡಾದರೆ ಎಷ್ಟು ವರ್ಷ ನೀರೆರದರೂ ಹಣ್ಣು ಸಿಕ್ಕ.

ಎನ್ನಲ್ಲಿ ಈ ವರ್ಷ ಶರಬತ್ತು ಕುಪ್ಪಿಗೆ 200 ರೂಪಾಯಿ. ಸಕ್ಕರೆ ಕ್ರಯ ಏರಿರೆ ಅದೂ ಏರುಗು. ಕಳುದ ವರ್ಷ ಕೊಂಡೋದವು ಖಾಲಿ ಕುಪ್ಪಿ ವಾಪಾಸು ತನ್ನಿ.