‘ಹಚ್ಚು’ ಎಂಬ ಮಾತನ್ನು ಎಲ್ಲಿಡೋಣ?



ನಮ್ಮ ಮನೆಗಳ ಹಿರಿಯರ ಮಾತುಗಳನ್ನು ಕಲೆಹಾಕಿ ಒಂದು ವೆಬ್‌ಸೈಟ್ ಮಾಡಲು ನಿಮ್ಮಲ್ಲಿ ಕೆಲವರು ಹೊರಟಿದ್ದೀರೆಂದು ಕೇಳಿ ಬಹಳ ಸಂತೋಷವಾಯಿತು. ಆದರೆ ಕೆಲಸ ಶುರುವಾಗುವ ಮೊದಲೇ ಎರಡು ಪಂಗಡಗಳಾಗಿವೆಯಂತೆ! ಒಂದು ಪಂಗಡಕ್ಕೆ ಫ್ಲ್ಯಾಟ್ ಫೈಲ್ ಸಾಕು, ಇನ್ನೊಂದಕ್ಕೆ ರಿಲೇಶನಲ್ ಡೇಟಾಬೇಸೇ ಆಗಬೇಕು. ಮನೆಯಲ್ಲಿರುವ ಆಂಟಿಗೆ ಇದರ ಉಸಾಬರಿ ಏಕೆ ಎನ್ನಬೇಡಿ. ಪಟ್ಟಿ ಬರೆದಿಡುವ ವಿಷಯದಲ್ಲಿ ಗೃಹಿಣಿಯರ ಅನುಭವ ಯಾವ ಎಂಜಿನಿಯರನಿಗೂ ಕಡಿಮೆಯದಲ್ಲ.

ಫ್ಲ್ಯಾಟ್ ಫೈಲ್ ಎಂದರೆ ನಮ್ಮ ದಿನಸಿ ಪಟ್ಟಿಯೇ. ಸಾಲಿಗೊಂದು ವಿಷಯ, ನಡುವೆ ಅಲ್ಪವಿರಾಮ, ಅಷ್ಟೇ. ಯಾವ ಕಂಪ್ಯೂಟರಿನಲ್ಲಾದರೂ ತೆರೆಯಬಹುದು, ಕಣ್ಣಿನಿಂದಲೇ ಓದಬಹುದು. ರಿಲೇಶನಲ್ ಡೇಟಾಬೇಸ್ ಹಾಗಲ್ಲ. 1970ರಲ್ಲಿ ಐಬಿಎಂ ಕಂಪನಿಯ ಎಡ್ಗರ್ ಕಾಡ್ ಒಂದು ಲೇಖನದಲ್ಲಿ ಮುಂದಿಟ್ಟ ವಿಚಾರ ಅದು: ಮಾಹಿತಿಯನ್ನು ಬೇರೆ ಬೇರೆ ಕೋಷ್ಟಕಗಳಲ್ಲಿಟ್ಟು, ಬೇಕಾದಾಗ ಜೋಡಿಸಿಕೊಳ್ಳುವುದು. (ರಿಲೇಶನ್ ಎಂದೊಡನೆ ನೆಂಟಸ್ತಿಕೆ ಎಂದುಕೊಳ್ಳುವವರೇ ಬಹಳ. ಕಾಡ್ ಗಣಿತದಿಂದ ತಂದ ಆ ಪದ ಸೂಚಿಸುವುದು ಕೋಷ್ಟಕವನ್ನೇ.)

ಈಗ ‘ಹಚ್ಚು’ ಎಂಬ ಮಾತನ್ನೇ ತೆಗೆದುಕೊಳ್ಳಿ. ದೀಪ ಹಚ್ಚುತ್ತೇವೆ, ತಲೆಗೆ ಎಣ್ಣೆ ಹಚ್ಚುತ್ತೇವೆ, ಕಲಬುರಗಿ ಕಡೆಯವರು ಫೋನನ್ನೂ ಹಚ್ಚುತ್ತಾರೆ! ಒಂದು ಪದ, ಮೂರು ಅರ್ಥ. ಇನ್ನು ‘ಬ್ಯಾಳಿ’ ಮತ್ತು ‘ಬೇಳೆ’: ಎರಡು ರೂಪ, ಒಂದೇ ಅರ್ಥ. ಇದರ ಮೇಲೆ ಯಾವ ಅಜ್ಜಿ ಹೇಳಿದರು, ಅವರ ಊರು ಯಾವುದು ಎಂಬುದೂ ಬೇಕಲ್ಲವೇ? ಒಂದೇ ಪಟ್ಟಿಯಾದರೆ ಪ್ರತಿ ಸಾಲಿನಲ್ಲೂ ಅಜ್ಜಿಯ ಹೆಸರು, ಊರು ಮತ್ತೆ ಮತ್ತೆ ಬರೆಯಬೇಕು.

ಅದರಿಂದೇನು ತೊಂದರೆ ಎನ್ನುವಿರಾ? ನಮ್ಮ ಸಂಘದಲ್ಲಿ ಅನೇಕರ ಮೂಲ ಬೀದರ, ಗುಲ್ಬರ್ಗಾ, ರಾಯಚೂರು. 1956ರವರೆಗೆ ಆ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಹೆಸರು ಬದಲಾದಾಗ ಗುಲ್ಬರ್ಗಾ ಕಲಬುರಗಿಯಾಯಿತು. ಅಜ್ಜಿಯರು ಗುಲ್ಬರ್ಗಾ ಎಂದೇ ಬರೆಸುತ್ತಾರೆ, ಮೊಮ್ಮಕ್ಕಳು ಕಲಬುರಗಿ ಎಂದು. ಪಟ್ಟಿಯಲ್ಲಿ ಅದು ಎರಡು ಊರಾಗಿ ಕೂರುತ್ತದೆ. ಆ ಊರಿನ ಮಾತುಗಳೆಲ್ಲ ಬೇಕೆಂದು ಹುಡುಕಿದರೆ ಅರ್ಧ ಮಾತ್ರ ಸಿಗುತ್ತವೆ. ಊರುಗಳಿಗೆ ಪ್ರತ್ಯೇಕ ಕೋಷ್ಟಕವಿದ್ದರೆ ತಿದ್ದುವುದು ಒಂದೇ ಕಡೆ, ಹಳೆಯ ಹೆಸರನ್ನೂ ಪಕ್ಕದಲ್ಲೇ ಉಳಿಸಿಕೊಳ್ಳಬಹುದು. ಇನ್ನೊಂದು ಮಾತು. ಭಾನುವಾರ ಸಂಜೆ ಐದು ಮನೆಯವರು ಒಂದೇ ಫೈಲಿಗೆ ಬರೆಯತೊಡಗಿದರೆ ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರದು ಕೂರಬಹುದು. ಡೇಟಾಬೇಸ್ ಅದನ್ನು ಸರದಿಯಲ್ಲಿ ನಿಲ್ಲಿಸಿ ಸಂಭಾಳಿಸುತ್ತದೆ.

ಹಾಗಾದರೆ ಫ್ಲ್ಯಾಟ್ ಫೈಲ್ ಸೋತಿತೇ? ಇಲ್ಲ. ‘ಅಲರ್’ ನಿಘಂಟನ್ನು ನೋಡಿ. ಬೆಂಗಳೂರಿನ ವಿ. ಕೃಷ್ಣ ಅವರು ನಾಲ್ಕು ದಶಕಗಳಿಗೂ ಮೀರಿ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು, 2,40,000ಕ್ಕೂ ಹೆಚ್ಚು ಅರ್ಥವಿವರಣೆಗಳು! ಇಂಗ್ಲಿಷ್ ಬಿ.ಎ. ಮಾಡಿದ ನಾನು ನಿಘಂಟುಗಳ ಜೊತೆಗೇ ಬೆಳೆದವಳು. ಒಬ್ಬ ಮನುಷ್ಯ ಇಷ್ಟು ಮಾಡಬಹುದೆಂದರೆ ಇಂದಿಗೂ ನಂಬಲಾಗುವುದಿಲ್ಲ. ಮಲಯಾಳದ ‘ಓಳಂ’ ನಿಘಂಟನ್ನು ಮೊದಲೇ ನಡೆಸುತ್ತಿದ್ದ ಕೈಲಾಶ್ ನಾಧ್ ಅವರ ನೆರವಿನಿಂದ 2019ರಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು. ತಾಣದ ಹಿಂದಿರುವ ‘ಡಿಕ್ಟ್‌ಪ್ರೆಸ್’ ತಂತ್ರಾಂಶ ರಿಲೇಶನಲ್ ಡೇಟಾಬೇಸನ್ನು ಬಳಸುತ್ತದೆ. ಅದರಲ್ಲಿ ಮುಖ್ಯವಾಗಿ ಎರಡೇ ಕೋಷ್ಟಕ: ನಮೂದುಗಳಿಗೊಂದು, ಯಾವುದಕ್ಕೆ ಯಾವುದು ಅರ್ಥ ಎಂಬ ಸಂಬಂಧಗಳಿಗೊಂದು. ನಮ್ಮ ‘ಹಚ್ಚು’ವಿನ ತಂಟೆ ಅಲ್ಲಿಗೆ ಮುಗಿಯಿತು. ಆದರೆ ಇಡೀ ನಿಘಂಟನ್ನು ಯಾರು ಬೇಕಾದರೂ ಇಳಿಸಿಕೊಳ್ಳಲೆಂದು ಕೊಟ್ಟಿರುವುದು ಯಾಮಲ್ ರೂಪದ ಸರಳ ಪಠ್ಯದ ಫೈಲಾಗಿ! ಹುಡುಕುವುದಕ್ಕೆ ಕೋಷ್ಟಕ, ಕಾಪಾಡುವುದಕ್ಕೆ ಫೈಲು.

ನಮಗೆ ಈ ಎರಡನೆಯದು ಹೆಚ್ಚು ಮುಖ್ಯವೆಂದು ನನಗನ್ನಿಸುತ್ತದೆ. ಇಂದು ಮಾದಾಪುರದಲ್ಲಿ ಕೆಲಸ ಮಾಡುತ್ತಿರುವ ಹುಡುಗ ನಾಳೆ ಡಲ್ಲಾಸಿಗೆ ಹೋಗುತ್ತಾನೆ. ಸರ್ವರಿನ ಬಾಡಿಗೆ ಕಟ್ಟುವವರಿಲ್ಲ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಆಗ ಡೇಟಾಬೇಸಿನೊಳಗಿನ ಮಾತುಗಳ ಗತಿ? ಹತ್ತು ಮನೆಗಳಲ್ಲಿ ಆ ಫೈಲಿನ ಪ್ರತಿಯಿದ್ದರೆ ಮತ್ತೊಬ್ಬ ಹುಡುಗಿ ತಾಣವನ್ನು ಹೊಸದಾಗಿ ಕಟ್ಟಬಲ್ಲಳು.

ನನ್ನ ಸಲಹೆ ಇಷ್ಟು. ಮೊದಲು ಪದ, ಅರ್ಥ, ಹೇಳಿದವರು, ಊರು ಎಂಬ ನಾಲ್ಕು ಕಲಮುಗಳ ಒಂದು ಪಟ್ಟಿ ತೆರೆಯಿರಿ. ನಾಲ್ಕೈದು ನೂರು ಮಾತುಗಳವರೆಗೆ ಅದೇ ಸಾಕು. ಹುಡುಕಲು ಕಂಪ್ಯೂಟರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಒಂದೇ ಪದಕ್ಕೆ ಅರ್ಥಗಳು, ಊರುಗಳು ಸೇರುತ್ತ ಹೋದಾಗ ಕೋಷ್ಟಕಗಳಾಗಿ ಒಡೆಯಿರಿ. ಆಗಲೂ ದೊಡ್ಡ ಸರ್ವರ್ ಬೇಡ. 2000ದಲ್ಲಿ ರಿಚರ್ಡ್ ಹಿಪ್ ಬಿಡುಗಡೆ ಮಾಡಿದ ಎಸ್‌ಕ್ಯೂಲೈಟ್‌ನಲ್ಲಿ ಇಡೀ ರಿಲೇಶನಲ್ ಡೇಟಾಬೇಸ್ ಒಂದೇ ಫೈಲಿನಲ್ಲಿ ಕೂರುತ್ತದೆ, ಪೆನ್‌ಡ್ರೈವಿನಲ್ಲಿ ಜೇಬಿಗೂ ಇಳಿಯುತ್ತದೆ. ತಿಂಗಳಿಗೊಮ್ಮೆ ಅದರಿಂದ ಸರಳ ಪಟ್ಟಿ ತೆಗೆದು ಎಲ್ಲರಿಗೂ ಹಂಚಿ.

ವಾದ ಮುಂದಿನ ಸಭೆಗಿರಲಿ, ಬರೆದುಕೊಳ್ಳುವ ಕೆಲಸ ಈ ವಾರವೇ ಆಗಲಿ. ನಮ್ಮ ಅತ್ತೆಯವರಿಗೀಗ 84 ವರ್ಷ. ಬೆಳಿಗ್ಗೆ 11 ಗಂಟೆಯ ನಂತರ ಚೆನ್ನಾಗಿ ಮಾತಿಗೆ ಸಿಗುತ್ತಾರೆ. ಬರುವವರು ಮುಂಚೆ ಒಂದು ಫೋನ್ ಹಚ್ಚಿ ಬನ್ನಿ.