ಹೆಂಚು ಇಳಿಸಿದೆವು, ಏಸಿ ಏರಿಸಿದೆವು

ಭದ್ರಾವತಿಯವರಿಗೆ ಕುಲುಮೆ ಅಂದ್ರೆ ಮೊದಲು ಕಾರ್ಖಾನೆಯೊಳಗಿನದು. ಈಗ ಅಲ್ಲೂ, ಶಿವಮೊಗ್ಗದಲ್ಲೂ ಮನೆಮನೆಯ ತಾರಸಿಯೇ ಕುಲುಮೆ. ಅಜ್ಜನ ಕಾಲದ ಹೆಂಚು ಇಳಿಸಿ ಆರ್‌ಸಿಸಿ ಹಾಕಿಸ್ತೀವಿ, ಜಾಗ ದಂಡ ಅಂತ ಸೂರು ಕತ್ತರಿಸ್ತೀವಿ. ಏಪ್ರಿಲ್‌ನಲ್ಲಿ ನಡುರಾತ್ರಿಯಾದರೂ ಸೆಕೆ ತಡೆಯಲಾರದೆ ಏಸಿ ತರ್ತೀವಿ. 'ಗೃಹಜ್ಯೋತಿ ಇದೆಯಲ್ಲ' ಅನ್ನೋ ಧೈರ್ಯ ಬೇರೆ!

ಲೆಕ್ಕ ಹಾಕಿ ಸ್ವಾಮಿ. ಏಸಿ ಗಂಟೆಗೆ ಒಂದೇ ಯೂನಿಟ್ ತಿಂದರೂ, ರಾತ್ರಿಗೆ 7 ಗಂಟೆಯಂತೆ ತಿಂಗಳಿಗೆ 210. ಗೃಹಜ್ಯೋತಿಯಲ್ಲಿ 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ.

ಬಿಲ್ಲು ಸೊನ್ನೆ ಬಂದರೂ ಕರೆಂಟು ಪುಕ್ಕಟೆಯಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿಗೆ ಮನೆ-ತೋಟ ಕೊಟ್ಟವರು ನಮ್ಮ ಜಿಲ್ಲೆಯವರೇ. ಅವರಲ್ಲಿ ಎಷ್ಟೋ ಕುಟುಂಬಗಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ಅಂಥ ಕರೆಂಟನ್ನು ನಮ್ಮ ಕುಲುಮೆ ತಣಿಸೋಕೆ ಸುರಿಯೋದಾ?

ಮೊದಲು ತಾರಸಿಗೆ ಸುಣ್ಣ ಬಳಿಸಿ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತೆ. ಮಳೆಗೆ ತೊಳೆದುಹೋಗುತ್ತೆ ಅಂತೀರಾ? ಹೋಗಲಿ, ಯುಗಾದಿಗೆ ಗೋಡೆಗೆ ಬಳಿಯೋರು ಒಂದು ಬಕೆಟ್ ಮೇಲಕ್ಕೂ ಒಯ್ಯಿರಿ. ಪಡುವಣ ಕಿಟಕಿಗೆ ಚಪ್ಪರ ಕಟ್ಟಿ. 75 ವಾಟ್‌ನ ಹಳೇ ಫ್ಯಾನ್ ಇಳಿಸಿ 30ರ ಬಿಎಲ್‌ಡಿಸಿ ಹಾಕಿ.

ಆಮೇಲೂ ಸೆಕೆಯಾದ್ರೆ ಏಸಿ ಮಾತು ಆಡೋಣ.